ಎರಡೇ ಇಂಚು ಸ್ನೋ ಅಂತ ಹೀಟರ್ ಆಫ್ ಮಾಡಿ ಹೋಗಬೇಡಿ

ನಾನು ಬದಿಯಡ್ಕದವನು. ಈಗ ಇರುವುದು ಅಮೆರಿಕದ ಮಿನೆಸೋಟದಲ್ಲಿ. ಕಾಸರಗೋಡು ಕಡೆಯಿಂದ ಪ್ರತಿ ವರ್ಷ ಯಾರಾದರೂ ಹೊಸಬರು ಇಲ್ಲಿಗೆ ಬರುತ್ತಾರೆ, ನಾನು ಮಾಡಿದ ಎಡವಟ್ಟನ್ನೇ ಮಾಡುತ್ತಾರೆ. ಜಾಕೆಟ್, ಬೂಟಿನ ವಿಷಯ ಎಲ್ಲರೂ ಹೇಳುತ್ತಾರೆ, ಅದು ಬಿಡಿ.

ಚಳಿಗಾಲದಲ್ಲಿ ಇಲ್ಲಿ ‘ಆಲ್ಬರ್ಟಾ ಕ್ಲಿಪ್ಪರ್’ ಅಂತ ಒಂದು ಬಿರುಗಾಳಿ ಬರುತ್ತದೆ. ಕ್ಲಿಪ್ಪರ್ ಅಂದರೆ ಹಿಂದಿನ ಕಾಲದ ವೇಗದ ಹಾಯಿಹಡಗು. ಪೆಸಿಫಿಕ್ ಕಡೆಯ ಗಾಳಿ ರಾಕಿ ಪರ್ವತ ಹತ್ತುವಾಗಲೇ ನೀರೆಲ್ಲ ಸುರಿಸಿಬಿಡುತ್ತದೆ. ನಮ್ಮ ಘಟ್ಟದ ಕತೆಯೇ ಅಲ್ವಾ, ಮಳೆ ನಮಗೆ, ಒಣಗಾಳಿ ಆಚೆಯವರಿಗೆ. ಪರ್ವತದ ಆಚೆ, ಕೆನಡಾದ ಆಲ್ಬರ್ಟಾದಲ್ಲಿ ಮತ್ತೆ ಬಲ ಪಡೆದು ಒಂದೆರಡು ದಿನದಲ್ಲಿ ಮಿನೆಸೋಟ ದಾಟಿ ಓಡುತ್ತದೆ. ಬೀಳುವ ಸ್ನೋ ಸಾಮಾನ್ಯವಾಗಿ ಒಂದರಿಂದ ಮೂರು ಇಂಚು.

ನಾವು ಮೋಸ ಹೋಗುವುದು ಇಲ್ಲೇ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಕಂಡವರಿಗೆ ಎರಡು ಇಂಚು ಅಂದರೆ ನಗು ಬರುತ್ತದೆ. ಆದರೆ ಕ್ಲಿಪ್ಪರಿನ ಬೆನ್ನಿಗೇ ಉತ್ತರದ ಚಳಿ ನುಗ್ಗುತ್ತದೆ. ಹತ್ತು ಹನ್ನೆರಡು ಗಂಟೆಯೊಳಗೆ 16 ಡಿಗ್ರಿ ಸೆಲ್ಸಿಯಸ್ ಇಳಿಯುವುದೂ ಉಂಟು.

ನನ್ನ ಮೊದಲ ಚಳಿಗಾಲ. ವಾರಾಂತ್ಯಕ್ಕೆ ಶಿಕಾಗೋಕ್ಕೆ ಹೊರಟೆ. ಜನ ಇಲ್ಲದ ಮನೆಗೆ ಸುಮ್ನೆ ಬಿಸಿ ಯಾಕೆ? ಊರಿನಲ್ಲಿ ಮನೆ ಬಿಡುವಾಗ ಮೈನ್ ಸ್ವಿಚ್ಚೇ ತೆಗೆಯುತ್ತಿದ್ದೆವು. ಹೀಟರ್ ಆಫ್ ಮಾಡಿದೆ. ಭಾನುವಾರ ರಾತ್ರಿ ಬಂದು, ಆನ್ ಮಾಡಿ, ಮಲಗಿದೆ. ಎರಡು ಗಂಟೆಗೆ ಅಡುಗೆಮನೆಯಲ್ಲಿ ಜೋಗ ಜಲಪಾತ! ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಸೋರುವುದು ಮಾತ್ರ ಕರಗಿದ ಮೇಲೆ. ಮೈನ್ ವಾಲ್ವ್ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ನೀರು ಕೆಳಗಿನ ಮನೆಯ ಸೀಲಿಂಗಿಗೂ ಇಳಿಯಿತು. ಚಳಿಗಾಲದಲ್ಲಿ ಥರ್ಮೋಸ್ಟಾಟ್, ಅಂದರೆ ಹೀಟರಿನ ಬಿಸಿ ಹೊಂದಿಸುವ ಗುಂಡಿ, 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬಾರದು ಅಂತ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಇತ್ತಂತೆ. ಓದದೆ ಸಹಿ ಹಾಕಿದ್ದೆ. ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು ಹೋಯಿತು ಮಾರಾಯ್ರೇ. ಉಳಿಸಲು ಹೊರಟದ್ದು ಹೆಚ್ಚೆಂದರೆ ಹದಿನೈದು ಡಾಲರ್.

ಆದ್ದರಿಂದ ಥರ್ಮೋಸ್ಟಾಟ್ 55ಕ್ಕಿಂತ, ಅಂದರೆ ನಮ್ಮ 13 ಡಿಗ್ರಿಗಿಂತ ಕೆಳಗೆ ಬೇಡ. ಮನೆಗೆ ಬಂದ ಮೊದಲ ದಿನವೇ ಮೈನ್ ವಾಲ್ವ್ ಹುಡುಕಿಡಿ. ಚಳಿ ಜೋರಾದ ರಾತ್ರಿ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯ ಬಿಸಿ ಪೈಪಿಗೂ ತಾಗಲಿ; ನಲ್ಲಿಯಲ್ಲಿ ನೂಲಿನಷ್ಟು ನೀರು ಬಿಡಿ. ನೀರು ದಂಡ ಅಂತ ಲೆಕ್ಕ ಹಾಕಬೇಡಿ.

ಮುನ್ಸೂಚನೆಯಲ್ಲಿ ಇಂಚಿಗಿಂತ ಮೊದಲು ಗಾಳಿ, ಉಷ್ಣಾಂಶ ನೋಡಿ. ‘ವಾಚ್’ ಅಂದರೆ ಬರಬಹುದು, ‘ವಾರ್ನಿಂಗ್’ ಅಂದರೆ ಬಂತು ಅಂತಲೇ. ಗಾಳಿ ಸೇರಿ ಮೈಗೆ ಹತ್ತುವ ಚಳಿಯ ಎಚ್ಚರಿಕೆ, ಮೊದಲಿನ ‘ವಿಂಡ್ ಚಿಲ್ ವಾರ್ನಿಂಗ್’ಗೆ 2024ರ ಅಕ್ಟೋಬರಿನಿಂದ ‘ಎಕ್ಸ್‌ಟ್ರೀಮ್ ಕೋಲ್ಡ್ ವಾರ್ನಿಂಗ್’ ಅಂತ ಹೆಸರು. ಫೋನು ಕಿರುಚಿ ‘ಸ್ನೋ ಸ್ಕ್ವಾಲ್ (ದಿಢೀರ್ ಹಿಮಗಾಳಿ) ವಾರ್ನಿಂಗ್’ ತೋರಿಸಿದರೆ ಕಾರು ಹೊರಗೆ ತೆಗೆಯಲೇಬೇಡಿ, ನಿಮಿಷಗಳಲ್ಲಿ ರಸ್ತೆಯೇ ಕಾಣದಂತಾಗುತ್ತದೆ. ಈ ಎಚ್ಚರಿಕೆ ಜಿಲ್ಲೆಗೆ ಇಡಿಯಾಗಿ ಅಲ್ಲ, ಬಿರುಗಾಳಿ ಹಾಯುವ ತುಂಡಿಗಷ್ಟೇ. ಇದರಲ್ಲಿ ಇವರು ನಮಗಿಂತ ಮೇಲು. ರಜೆಯ ವಿಷಯದಲ್ಲಿ ನಮ್ಮದೇ ವಾಸಿ. ಕಲೆಕ್ಟರು ಒಂದು ಮಾತು ಹೇಳಿದರೆ ಇಡೀ ಕಾಸರಗೋಡಿನ ಶಾಲೆಗಳಿಗೆ ರಜೆ. ಇಲ್ಲಿ ಒಂದೊಂದು ಶಾಲಾ ಡಿಸ್ಟ್ರಿಕ್ಟಿನದು ಒಂದೊಂದು ತೀರ್ಮಾನ.

ಕಳೆದ ವರ್ಷ ಕುಂಬಳೆಯ ಹುಡುಗನೊಬ್ಬನಿಗೆ ಇದೆಲ್ಲ ಹೇಳಿದ್ದೆ. ಊರಿಗೆ ಹೋಗುವಾಗ ಏರ್‌ಪೋರ್ಟಿನಿಂದ ಫೋನ್ ಮಾಡಿದ. “ಅಣ್ಣಾ, ಹೀಟರ್ 60ರಲ್ಲಿ ಉಂಟು. ಮನೆ ಬೂಷ್ಟು ವಾಸನೆ ಬರಬಾರದು ಅಂತ ಅಡುಗೆಮನೆ ಕಿಟಕಿ ಮಾತ್ರ ಸ್ವಲ್ಪ ತೆರೆದಿಟ್ಟಿದ್ದೇನೆ.” ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದ, ಪುಣ್ಯ.