ದ್ರಾಸ್‌ನ ಸದ್ದು ಮತ್ತು ಆನೆ ಪಟಾಕಿ: ನನ್ನ ಅನುಭವ

1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಾನು ದ್ರಾಸ್‌ನಲ್ಲಿದ್ದೆ, ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್ ಆಗಿ. ತೋಲೋಲಿಂಗ್ ಬೆಟ್ಟಕ್ಕಾಗಿ ಕಾದಾಟ ನಡೆಯುತ್ತಿತ್ತು. ಬೆಟ್ಟದ ಮೇಲೆ ಕೂತ ಪಾಕಿಸ್ತಾನದವರಿಗೆ ಶ್ರೀನಗರ-ಲೇಹ್ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಗಾಯಾಳುಗಳು ಹೆಚ್ಚಾಗಿ ಕತ್ತಲಾದ ಮೇಲೆಯೇ ಕೆಳಗೆ ಬರುತ್ತಿದ್ದರು. ತಣ್ಣಗಿನ ಸಲೈನ್ ಏರಿಸಿದರೆ ರಕ್ತ ಹೋದ ಮನುಷ್ಯ ಇನ್ನೂ ನಡುಗುತ್ತಾನೆ. ಬಾಟಲಿಗಳನ್ನು ಕೋಟಿನೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡೇ ನಾವು ಕಾಯುತ್ತಿದ್ದೆವು.

ಕೈಗೆ ಕೆಲಸ ಇರುವಾಗ ಭಯ ಹತ್ತಿರ ಬರಲ್ಲ. ಬರುವುದು ಕೊನೆಯ ಆಂಬುಲೆನ್ಸ್ ಹೊರಟ ಮೇಲೆ. ನಮ್ಮ ಸುಬೇದಾರ್ ಸಾಹೇಬರದ್ದು ಒಂದು ಪದ್ಧತಿ ಇತ್ತು. ಯಾರೂ ನೇರವಾಗಿ ಹೋಗಿ ಮಲಗುವಂತಿಲ್ಲ. ಮೊದಲು ಎಲ್ಲರೂ ಸೇರಿ ಸ್ಟ್ರೆಚರ್ ತೊಳೆಯಬೇಕು, ಆಮೇಲೆ ಬಿಸಿ ಚಹಾ. ಕುಡಿಯುತ್ತಾ, ಇಷ್ಟ ಇದ್ದವರು ಆ ರಾತ್ರಿ ತಾವು ಮಾಡಿದ್ದನ್ನು ಹೇಳಬಹುದು. ‘ಮೊದಲು ಏನು ಮಾಡಿದೆ? ಆಮೇಲೆ?’ ಅಂತಷ್ಟೇ ಅವರು ಕೇಳುತ್ತಿದ್ದರು. ‘ಯಾಕೆ ಹಾಗೆ ಮಾಡಿದೆ’ ಅನ್ನುವ ಮಾತೇ ಇರಲಿಲ್ಲ. ಬೇಡ ಅಂದವರು ಸುಮ್ನೆ ಕೂತಿರುತ್ತಿದ್ದರು. ಉಳಿಸಲಾಗದ ಹುಡುಗರ ಮುಖ ತಲೆಯಲ್ಲಿಟ್ಟುಕೊಂಡು ಮಾರನೆಯ ರಾತ್ರಿ ಮತ್ತೆ ನಿಲ್ಲಲು ನನಗೆ ಆದದ್ದು ಆ ಚಹಾದ ಹೊತ್ತಿನಿಂದ. ಇದನ್ನು ಎದೆ ಮುಟ್ಟಿ ಹೇಳುತ್ತೇನೆ.

ದ್ರಾಸ್‌ನ ಜನರ ಮೇಲೂ ಷೆಲ್ ಬೀಳುತ್ತಿತ್ತು. ಎಷ್ಟೋ ಕುಟುಂಬಗಳು ಮನೆ ಬಿಟ್ಟು ಹೋಗಿದ್ದವು. ಉಳಿದ ಗಂಡಸರಲ್ಲಿ ಹಲವರು ಸೇನೆಗೆ ಪೋರ್ಟರ್‌ಗಳಾಗಿ ಮದ್ದುಗುಂಡು ಹೊತ್ತರು, ಗಾಯಾಳುಗಳನ್ನು ಇಳಿಸಿದರು. ಅವರಲ್ಲೊಬ್ಬರು ಬೆಳಗಿನ ನಮಾಜ್ ಮುಗಿಸಿ ತಮ್ಮ ಬಾರ್ಲಿ ಹೊಲಕ್ಕೆ ನೀರು ತಿರುಗಿಸಿಯೇ ನಿದ್ದೆಗೆ ಹೋಗುತ್ತಿದ್ದರು. ಇತ್ತ ಊರಿನಲ್ಲಿ ನನ್ನ ಅವ್ವ ಟಿವಿ ಇದ್ದ ಮನೆಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ದಿನಾ ಅಂಚೆಯಣ್ಣನ ದಾರಿ ನೋಡುವುದು, ನನ್ನ ಇನ್‌ಲ್ಯಾಂಡ್ ಪತ್ರ ಬಂದರೆ ಓದಿಸಿಕೊಳ್ಳುವುದು, ಅಷ್ಟೇ.

ಆ ಯುದ್ಧದಲ್ಲಿ ನಮ್ಮ 527 ಯೋಧರು ಸತ್ತರು. ಬದುಕಿ ಬಂದವರ ಲೆಕ್ಕ ಬೇರೆ ತರಹದ್ದು.

ನಮ್ಮದು ಸೋಮವಾರಪೇಟೆ ಕಡೆ. ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಇಳಿಯುತ್ತದೆ, ಸಾವಿಗೂ ಗುಂಡು ಹಾರುತ್ತದೆ. ತೋಟಕ್ಕೆ ಆನೆ ನುಗ್ಗಿದರೆ ನಡುರಾತ್ರಿ ಪಟಾಕಿ. ನಿವೃತ್ತಿಯಾಗಿ ಬಂದ ಹೊಸತರಲ್ಲಿ ಅಂಥ ಒಂದು ಪಟಾಕಿಗೆ ನಾನು ಮಂಚದ ಕೆಳಗಿದ್ದೆ. ಹೇಗೆ ಹೋದೆ ಅಂತ ಗೊತ್ತೇ ಆಗಲಿಲ್ಲ. ಹೆಂಡತಿ ಅಳುತ್ತಿದ್ದಳು.

ಮಾರನೆಯ ದಿನವೇ ಅಕ್ಕಪಕ್ಕದ ತೋಟದವರಿಗೆ ವಿಷಯ ಹೇಳಿದೆ. ಪಟಾಕಿ ಹಚ್ಚುವ ಮುಂಚೆ ಅವರು ಒಂದು ಫೋನ್ ಮಾಡುತ್ತಾರೆ. ಮುಂಚೆ ಗೊತ್ತಿದ್ದರೆ ಅದೇ ಸದ್ದು ಅರ್ಧ ಆಗುತ್ತದೆ. ಫೋನ್ ಬರದಿದ್ದ ದಿನ ಬರಿಗಾಲನ್ನು ತಣ್ಣನೆಯ ನೆಲಕ್ಕೆ ಊರಿ, ಉಸಿರು ನಿಧಾನವಾಗಿ ಬಿಡುತ್ತಾ ಗಟ್ಟಿಯಾಗಿ ಹೇಳುತ್ತೇನೆ: ‘ಇದು ನನ್ನ ಮನೆ. ಹೊರಗೆ ಕಾಫಿ ತೋಟ. ಇದು ಆನೆ ಪಟಾಕಿ.’ ಹೆಂಡತಿ ಮೈ ಮುಟ್ಟಿ ಎಬ್ಬಿಸುವುದಿಲ್ಲ. ದೀಪ ಹಾಕಿ, ಬಾಗಿಲ ಹತ್ತಿರ ನಿಂತು ಮಾತಾಡಿಸುತ್ತಾಳೆ. ಮಿಲಿಟರಿ ಕ್ಯಾಂಟೀನ್ ರಮ್‌ನಿಂದ ದೂರ ಉಳಿದೆ. ಅದು ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸಿಯೂ ಬಿಡುತ್ತದೆ.

ಯುದ್ಧದ ಕನಸು ಮಾತ್ರ ಬಿಡಲಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಮೂಲಕ ಮನೋವೈದ್ಯರ ಹತ್ತಿರ ಹೋದೆ. ಅವರು ಮಾಡಿಸಿದ್ದು ಹೆಚ್ಚುಕಮ್ಮಿ ಸುಬೇದಾರ್ ಸಾಹೇಬರ ಕೆಲಸವನ್ನೇ. ಒಂದೇ ರಾತ್ರಿಯ ಕತೆಯನ್ನು ಮೊದಲಿಂದ ಕೊನೆತನಕ, ಮತ್ತೆ ಮತ್ತೆ ಹೇಳಿಸಿದರು. ಮೊದಮೊದಲು ಮನೆಗೆ ಬಂದು ಊಟ ಸೇರುತ್ತಿರಲಿಲ್ಲ. ನಡುಗುವುದು ನಿಧಾನಕ್ಕೆ ಕಡಿಮೆಯಾಯಿತು. ಕನಸು ಈಗಲೂ ಬರುತ್ತದೆ, ಅಪರೂಪಕ್ಕೆ.

ಈಗ ಮಾಜಿ ಸೈನಿಕರ ಮನೆಯವರು ನನ್ನನ್ನು ಕೇಳಿಕೊಂಡು ಬರುತ್ತಾರೆ. ‘ಎಷ್ಟು ಜನರನ್ನು ಹೊಡೆದೆ’ ಅಂತ ನೆಂಟರು ಕೇಳದಂತೆ ನೋಡಿಕೊಳ್ಳಿ ಅನ್ನುತ್ತೇನೆ. ಸೈನಿಕರೇ ಮಾತು ಶುರು ಮಾಡಿದರೆ ಟಿವಿ ಆರಿಸಿ ಕೂತುಕೊಳ್ಳಿ. ನಿದ್ದೆ ವಾರಗಟ್ಟಲೆ ಕೆಟ್ಟರೆ, ಸಾಯುವ ಮಾತು ಬಂದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಫೋನ್ ಹಚ್ಚಲು ಹಿಂಜರಿಯುವವರ ಪಕ್ಕದಲ್ಲಿ ನಾನೇ ಕೂತು ಹಚ್ಚಿಕೊಡುತ್ತೇನೆ.