ಅಡಿಕೆ ತಕ್ಕಡಿಯಲ್ಲಿ ಡೈವಿಂಗ್ ಸಾಮಾನು

ಸಾಗರದ ಕಡೆಯವರಿಗೆ ಸಮುದ್ರ ದೂರವೇನಲ್ಲ. ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ, ಅಲ್ಲಿಂದ ದಕ್ಷಿಣಕ್ಕೆ ಮುರುಡೇಶ್ವರ, ಮುರುಡೇಶ್ವರದಲ್ಲಿ ದೋಣಿ ಹತ್ತಿದರೆ ನೇತ್ರಾಣಿ ದ್ವೀಪ. ಕಾರಿನಲ್ಲೋ ಬಸ್ಸಿನಲ್ಲೋ ಹೋಗಿ ಬರುವಷ್ಟು ಕಾಲ, ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನೊಳಗೆ ಮುಳುಗುವ ಸ್ಕೂಬಾ ಸಾಮಾನಿನ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳುವವರು ವಿಮಾನದವರು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದಾಗ ಅಂಡಮಾನ್ ನನಗೆ ಇದ್ದಕ್ಕಿದ್ದಂತೆ ಹತ್ತಿರದ ಊರಾಯಿತು. ಅದರ ಜೊತೆಗೇ ತೂಕದ ತಲೆನೋವೂ ಬಂತು. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿನಲ್ಲಿ ದೊಡ್ಡ ಚೀಲಕ್ಕೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಬಟ್ಟೆಬರೆ, ಔಷಧಿ, ಅಮ್ಮ ಕಟ್ಟಿಕೊಡುವ ಚಕ್ಕುಲಿ ಎಲ್ಲವೂ ಇಷ್ಟರಲ್ಲೇ ಹಿಡಿಸಬೇಕು.

ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲೇ ಇತ್ತು. ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಅದನ್ನು ಜಂತಿಗೆ ಸಿಕ್ಕಿಸಿ ಒಂದೊಂದೇ ಸಾಮಾನನ್ನು ತೂಗುಹಾಕಿದೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ನೋಡುತ್ತಿದ್ದರು. "ನೀರಿಗೆ ಬೀಳುವುದಕ್ಕೆ ಇಷ್ಟೆಲ್ಲ ಕಟ್ಟಿಕೊಳ್ಳಬೇಕೇನೋ?" ಎಂದರು. ಹೊರಗಿನವರಿಗೆ ಹಾಗೆ ಕಾಣುವುದು ಸಹಜ. ಆದರೆ ತಕ್ಕಡಿ ತೋರಿಸಿದ ಲೆಕ್ಕ ಅಂಗಡಿಯ ಚೀಟಿಯಲ್ಲಿರುವ ಲೆಕ್ಕಕ್ಕಿಂತ ಬೇರೆಯೇ ಆಗಿತ್ತು. ತಯಾರಕರು ಬರೆಯುವುದು ಒಣಗಿದ ಸಾಮಾನಿನ ತೂಕ. ನಾವು ಮನೆಗೆ ಹೊತ್ತು ತರುವುದು ಒದ್ದೆ ಸಾಮಾನನ್ನು.

ಬಿಸಿಡಿಯನ್ನೇ ತೆಗೆದುಕೊಳ್ಳಿ. ಗಾಳಿ ತುಂಬಿ ತೇಲುವುದಕ್ಕೂ ಗಾಳಿ ಬಿಟ್ಟು ಇಳಿಯುವುದಕ್ಕೂ ಬೇಕಾದ ಜಾಕೆಟ್ ಅದು. ನನ್ನ ಹಳೆಯದು ಒಣಗಿದ್ದಾಗ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಬಾವಿಕಟ್ಟೆಯಲ್ಲಿ ತೊಳೆದು, ನೀರು ಸುರಿಸಿ, ಅರ್ಧ ದಿನ ನೆರಳಿನಲ್ಲಿ ತೂಗುಹಾಕಿ ಮತ್ತೆ ಕೊಕ್ಕೆಗೆ ಹಾಕಿದಾಗ ಇನ್ನೂ ಒಂದು ಕಿಲೋ ಹೆಚ್ಚು ತೋರಿಸಿತು. ಬೆನ್ನಿಗೆ ಮೆತ್ತಗಿರಲೆಂದು ಹೊಲಿದ ದಪ್ಪ ಸ್ಪಂಜು ನೀರನ್ನು ಬಿಟ್ಟುಕೊಡುವುದೇ ಇಲ್ಲ. ಒತ್ತಿದರೆ ಅಂಚಿನ ಹೊಲಿಗೆಯಿಂದ ಸಣ್ಣಗೆ ಜಿನುಗುತ್ತಿತ್ತು, ಬಿಟ್ಟರೆ ಮತ್ತೆ ಒಳಗೇ. ಆ ದಿನವೇ ಹೊಸದನ್ನು ಹೇಗೆ ಆರಿಸಬೇಕು ಎಂಬುದು ನಿರ್ಧಾರವಾಯಿತು: ಸ್ಪಂಜಿಲ್ಲದ, ಗಟ್ಟಿ ಬೆನ್ನುಹಲಗೆಯಿಲ್ಲದ, ಮಡಚಿದರೆ ಸುರುಳಿಯಾಗುವ ಪ್ರವಾಸದ ಬಿಸಿಡಿ. ಈಗಿನದು ಎರಡೂಕಾಲು ಕಿಲೋ ಇದೆ, ಒಂದು ರಾತ್ರಿಯಲ್ಲಿ ಒಣಗುತ್ತದೆ.

ಹಗುರವಾದ ಬಿಸಿಡಿ ಸಾಕಷ್ಟು ಎತ್ತುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ನಮ್ಮ ಬೆಚ್ಚನೆಯ ನೀರಿಗೆ ಆ ಹೆದರಿಕೆ ಬೇಕಿಲ್ಲ. ಡೈವಿಂಗ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವುದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. ಅದರಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯೇ ಎರಡೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ಅದು ಉಸಿರಾಗಿ ಖರ್ಚಾದಂತೆ ಸಿಲಿಂಡರ್ ಮೇಲಕ್ಕೆಳೆಯತೊಡಗುತ್ತದೆ. ಕೊನೆಯಲ್ಲಿ, ಮೇಲೆ ಬರುವ ಮುಂಚೆ ಸ್ವಲ್ಪ ಹೊತ್ತು ತಡೆದು ನಿಲ್ಲುವ 5 ಮೀಟರ್ ಆಳದ ಸುರಕ್ಷತಾ ನಿಲುಗಡೆಯಲ್ಲಿ ತೇಲಿಹೋಗದಿರಲು ಅಷ್ಟು ಸೀಸವನ್ನು ಮೊದಲೇ ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಇನ್ನೊಂದು, ಮೈ ಬೆಚ್ಚಗಿಡುವ ರಬ್ಬರಿನ ಉಡುಪಾದ ವೆಟ್‌ಸೂಟಿನ ಲೆಕ್ಕ. ಅದರೊಳಗಿನ ಗಾಳಿಗುಳ್ಳೆಗಳು ಆಳದಲ್ಲಿ ಅದುಮಿಹೋಗಿ ತೇಲಿಸುವ ಶಕ್ತಿ ಕುಗ್ಗುತ್ತದೆ. 3 ಮಿಲಿಮೀಟರ್ ಸೂಟಿಗೆ ಅದು ಹೆಚ್ಚೆಂದರೆ ಎರಡು ಕಿಲೋ ಆಸುಪಾಸು. ಎರಡನ್ನೂ ಕೂಡಿ, ನೀರಿನ ಮೇಲೆ ತಲೆ ಎತ್ತಿ ನಿಲ್ಲಲು ಇನ್ನಷ್ಟು ಸೇರಿಸಿದರೂ ಹತ್ತು ಹನ್ನೆರಡು ಕಿಲೋ ಎತ್ತುವ ಗಾಳಿಚೀಲ ಧಾರಾಳವಾಯಿತು. ಇಪ್ಪತ್ತು ಕಿಲೋ ಎತ್ತುವಂಥದ್ದು ತಣ್ಣೀರಿನಲ್ಲಿ ದಪ್ಪ ಸೂಟು ತೊಟ್ಟು ಮುಳುಗುವವರಿಗೆ. ಅವರಿಗಾಗಿ ಹೊಲಿದದ್ದನ್ನು ನಾನು ಅಂಡಮಾನಿಗೆ ಹೊರುವುದರಲ್ಲಿ ಅರ್ಥವಿಲ್ಲ.

ಇದೇ ಕಾರಣಕ್ಕೆ 5 ಮಿಲಿಮೀಟರ್ ಸೂಟನ್ನೂ ಕೊಳ್ಳಲಿಲ್ಲ. ದಪ್ಪ ಸೂಟು ತಾನೂ ಭಾರ, ಅದನ್ನು ಮುಳುಗಿಸಲು ಸೀಸವೂ ಹೆಚ್ಚು ಬೇಕು. ಚಳಿ ತಡೆಯದವರು ತೆಳು ಸೂಟಿನ ಒಳಗೆ ಒಂದು ಲೈಕ್ರಾ ಅಂಗಿ ಹಾಕಿಕೊಳ್ಳಲಿ.

ಈಜಲು ಕಾಲಿಗೆ ತೊಡುವ ಫಿನ್‌ಗಳ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ. ಹಿಮ್ಮಡಿಗೆ ಪಟ್ಟಿಯಿರುವ ಫಿನ್ ಕೊಂಡರೆ ರಬ್ಬರ್ ಬೂಟೂ ಬೇಕು. ಬೂಟು ಒದ್ದೆಯಾದರೆ ಒಣಗುವುದು ಎಲ್ಲಕ್ಕಿಂತ ಕೊನೆಗೆ. ಕಪ್ಪು ರಬ್ಬರಿನ ಜೆಟ್ ಫಿನ್ ಬಗ್ಗೆ ಹಳಬರಿಗೆ ಭಕ್ತಿಯಿದೆ, ಇರಲಿ, ಆದರೆ ಜೋಡಿ ಮೂರು ಕಿಲೋ ಹತ್ತಿರ ಹೋಗುತ್ತದೆ. ನಾನು ದೋಣಿಯಿಂದಲೇ ನೀರಿಗಿಳಿಯುವವನು. ಪಾದಕ್ಕೆ ಪೂರ್ತಿ ತೊಡುವ ಫಿನ್, ಒಳಗೆ ತೆಳು ಕಾಲುಚೀಲ, ಅಷ್ಟೇ. ಕಲ್ಲುಬಂಡೆಯ ದಡದಲ್ಲಿ ನಡೆದು ಇಳಿಯುವವರಿಗೆ ಮಾತ್ರ ಬೂಟಿಲ್ಲದೆ ಆಗದು. ಕೊಳ್ಳುವ ಮುಂಚೆ ಚೀಲದ ಒಳಉದ್ದವನ್ನು ಕರ್ಣದ ನೇರಕ್ಕೆ ಅಳೆಯಿರಿ. ಫಿನ್ ಹಿಡಿಸದಿದ್ದರೆ ದೊಡ್ಡ ಚೀಲ ಬೇಕಾಗುತ್ತದೆ, ಉಳಿಸಿದ ತೂಕವನ್ನು ಆ ಚೀಲವೇ ತಿಂದುಹಾಕುತ್ತದೆ.

ರೆಗ್ಯುಲೇಟರಿನಲ್ಲಿ ತೂಕ ನನಗೆ ಎರಡನೆಯ ಮಾತು. ಉಸಿರು ಕೊಡುವ ಸಾಧನ ಅದು. ಟೈಟಾನಿಯಂನದ್ದು ಕೈಯಲ್ಲಿ ಹಿಡಿದರೆ ಆಸೆ ಹುಟ್ಟಿಸುತ್ತದೆ. ಬೆಲೆ ಕೇಳಿದರೆ ಆಸೆ ಇಳಿಯುತ್ತದೆ. ಮೇಲಾಗಿ ಶೇಕಡಾ 40ಕ್ಕಿಂತ ಹೆಚ್ಚು ಆಮ್ಲಜನಕವಿರುವ ಮಿಶ್ರಣಕ್ಕೆ ಅದನ್ನು ಬಳಸುವಂತಿಲ್ಲ, ನನಗೆ ಆ ಪ್ರಸಂಗ ಬರುವುದಿಲ್ಲ ಎನ್ನಿ. ನಾನು ನೋಡಿದ್ದು ಬೇರೆ: ಅದರ ಸರ್ವಿಸ್ ಕಿಟ್ ದೇಶದೊಳಗೆ ಸಿಗುತ್ತದೆಯೇ? ಮಾದರಿಗೆ ತಕ್ಕಂತೆ ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚಿ, ಒಳಗಿನ ರಬ್ಬರ್ ಉಂಗುರಗಳನ್ನು ಬದಲಿಸಲೇಬೇಕು. ಆ ಕೆಲಸಕ್ಕೆ ನಾನು ಬೆಂಗಳೂರಿಗೆ ಕಳುಹಿಸುತ್ತೇನೆ. ಬಿಡಿಭಾಗ ವಿದೇಶದಿಂದಲೇ ಬರಬೇಕೆಂದರೆ ಸಾಮಾನು ಎಷ್ಟೇ ಹಗುರವಾಗಿದ್ದರೂ ಒಂದು ಇಡೀ ಋತು ಕೈತಪ್ಪಬಹುದು. ನೇತ್ರಾಣಿಯಲ್ಲಿ ಅಕ್ಟೋಬರಿನಿಂದ ಮೇ ತನಕವಷ್ಟೇ ಡೈವಿಂಗ್, ಅದರಲ್ಲೂ ಕೊಯ್ಲಿನ ತಿಂಗಳುಗಳು ನಮ್ಮ ಕೈಯಲ್ಲಿಲ್ಲ. ಸಿಲಿಂಡರಿಗೆ ತಿರುಗಿಸಿ ಕೂಡಿಸುವ ಡಿನ್ ಜೋಡಣೆ, ಹಿಡಿಕೆ ಬಿಗಿಯುವ ಯೋಕ್ ಜೋಡಣೆಗಿಂತ ಇನ್ನೂರು ಗ್ರಾಂನಷ್ಟು ಹಗುರ. ಆದರೆ ನನಗೆ ಸಿಗುವ ಸಿಲಿಂಡರುಗಳು ಹೆಚ್ಚಾಗಿ ಯೋಕ್‌ನವು. ಡಿನ್ ಕೊಂಡು, ಅದಕ್ಕೊಂದು ಅಡಾಪ್ಟರನ್ನೂ ಹೊತ್ತರೆ ಉಳಿದದ್ದೇನು? ಯೋಕ್ ಅನ್ನೇ ಇಟ್ಟುಕೊಂಡು ರಬ್ಬರ್ ಕೊಳವೆಗಳ ಬದಲು ಹೆಣೆದ ಕೊಳವೆ ಹಾಕಿಸಿದೆ. ಸುತ್ತಿದರೆ ಚಿಕ್ಕದಾಗುತ್ತದೆ, ಹಗುರವೂ ಹೌದು. ಕೆಲವು ಹಳೆಯ ಹೆಣೆದ ಕೊಳವೆಗಳಲ್ಲಿ ಒಳಪದರವೇ ಹರಳುಗಟ್ಟಿ ಗಾಳಿ ಕಟ್ಟಿದ ಪ್ರಕರಣಗಳು ವರದಿಯಾಗಿವೆ, ಆದ್ದರಿಂದ ಹಳೆಯದನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಮಾಸ್ಕ್, ಆಳ ಮತ್ತು ಹೊತ್ತಿನ ಲೆಕ್ಕ ಇಡುವ ಕೈಗಡಿಯಾರದಂಥ ಡೈವ್ ಕಂಪ್ಯೂಟರ್, ರೆಗ್ಯುಲೇಟರ್, ಟಾರ್ಚ್ ಇಷ್ಟೂ ಕೈಚೀಲದಲ್ಲಿ. ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ ದೊಡ್ಡ ಚೀಲದಲ್ಲಿ ಹಾಕಲು ಬಿಡುವುದಿಲ್ಲ. ಚಾಕುವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ದೊಡ್ಡ ಚೀಲ ಕಳೆದುಹೋದರೂ ಮುಖಕ್ಕೆ ಕೂರುವ ಮಾಸ್ಕ್ ನಮ್ಮ ಬಳಿಯೇ ಇದ್ದರೆ ಉಳಿದದ್ದನ್ನು ಬಾಡಿಗೆಗೆ ಪಡೆದು ಮುಳುಗಬಹುದು. ಸಿಲಿಂಡರನ್ನೂ ಸೀಸವನ್ನೂ ಹೊರುವ ಪ್ರಶ್ನೆಯೇ ಇಲ್ಲ.

ಮರಳುವ ದಿನದ ಲೆಕ್ಕ ಒಣಗಿಸುವುದರ ಮೇಲೆ ನಿಂತಿದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು ಎಂಬುದು ಮುಳುಗುವವರ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಸಲಹೆ. ರಕ್ತದಲ್ಲಿ ಉಳಿದ ಸಾರಜನಕ ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಬಹುದು. ಹೇಗೂ ಕಾಯಲೇಬೇಕಾದ ಆ ಹೊತ್ತಿನಲ್ಲಿ ನನ್ನ ಸಾಮಾನು ಸಿಹಿನೀರಿನಲ್ಲಿ ತೊಳೆದು ಹಗ್ಗಕ್ಕೆ ಬೀಳುತ್ತದೆ. ನೇತ್ರಾಣಿಯಿಂದ ಬರುವಾಗಲೂ ನಾನು ಅದೇ ದಿನ ಘಾಟಿ ಹತ್ತುವುದಿಲ್ಲ. ಸಾಗರ, ಶಿವಮೊಗ್ಗ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗೆ ತುಸುವೇ ಕೆಳಗಿವೆ. ವಿಮಾನದ ಎತ್ತರವಲ್ಲ ನಿಜ. ಆದರೂ ಮುರುಡೇಶ್ವರದಲ್ಲಿ ಒಂದು ರಾತ್ರಿ ತಂಗಿದರೆ ಹೋಗುವುದೇನು?

ಮಳೆಗಾಲದಲ್ಲಿ ಇವೆಲ್ಲ ನಮ್ಮ ಬೂಷ್ಟಿನ ಜೊತೆ ಬಾಳಬೇಕು. ಅಡಿಕೆ ಒಣಗಿಸುವ ಬಿಸಿ ಅಟ್ಟ ಇವಕ್ಕೆ ಸಲ್ಲ, ರಬ್ಬರ್ ಬಿರಿಯುತ್ತದೆ. ಬಟ್ಟೆಗೆಂದು ಸಣ್ಣ ಬಲ್ಬು ಉರಿಸುವ ಕಬ್ಬಿಣದ ಬೀರುವಿನಲ್ಲಿ, ಬಲ್ಬಿನಿಂದ ದೂರದ ಮೂಲೆಯಲ್ಲಿ ಇಡುತ್ತೇನೆ. ಮಾಸ್ಕಿಗೆ ಬೇರೆ ಡಬ್ಬಿ. ಕಪ್ಪು ರಬ್ಬರಿಗೆ ತಾಗಿಕೊಂಡಿದ್ದರೆ ಪಾರದರ್ಶಕ ಸಿಲಿಕೋನ್ ಬಣ್ಣಗೆಡುತ್ತದೆ.

ಟಿಕೆಟ್ ಮಾಡಿಸುವ ಮುಂಚೆ ಕೇಂದ್ರದವರಿಗೆ ಫೋನ್ ಮಾಡಿ ಎರಡು ಮಾತು ಕೇಳುತ್ತೇನೆ: ಸಿಲಿಂಡರಿನ ಬಾಯಿ ಯೋಕೋ ಡಿನ್ನೋ, ಮತ್ತು ಸೀಸ ಕಟ್ಟುವ ಬೆಲ್ಟ್ ಇದೆಯೇ. ನನ್ನ ಬಿಸಿಡಿಗೆ ಸೀಸದ ಜೇಬುಗಳಿಲ್ಲ. ಬೆಲ್ಟ್ ಇಲ್ಲ ಎಂದರೆ ನನ್ನದೊಂದನ್ನು ಚೀಲಕ್ಕೆ ಹಾಕುತ್ತೇನೆ, ಹೆಚ್ಚೇನಿಲ್ಲ, ಮುನ್ನೂರು ಗ್ರಾಂ.