ಕಾರ್ ಟ್ರೇಲರ್‌ಗೆ ಹಲಗೆ ಹೊಡೆಯುವ ಮುಂಚೆ

ಇಲ್ಲಿ ಅಮೆರಿಕದಲ್ಲಿ ಕಾರು ಸಾಗಿಸಲು ಮನೆಯಲ್ಲೇ ಟ್ರೇಲರ್ ಕಟ್ಟುವವರು ವೆಲ್ಡಿಂಗ್ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಕಾರು ನಿಲ್ಲುವ ನೆಲದ ಹಲಗೆ ಮಾತ್ರ ಕೊನೇ ಗಳಿಗೆಯ ಕೆಲಸ. ಎಡವಟ್ಟಾಗುವುದೇ ಅಲ್ಲಿ.

ಪ್ರೆಷರ್ ಟ್ರೀಟೆಡ್ ಪೈನ್, ಅಂದರೆ ಕೊಳೆಯದಂತೆ ಒತ್ತಡದಲ್ಲಿ ರಾಸಾಯನಿಕ ತುಂಬಿಸಿದ ಪೈನ್ ಮರ, ಧಾರಾಳವಾಗಿ ಸಾಕು. 2 ಬೈ 8 ಇಂಚು ಅಂತ ಕೊಂಡರೂ ಕೈಗೆ ಸಿಗುವುದು ಒಂದೂವರೆ ಇಂಚು ದಪ್ಪ, ಏಳೂಕಾಲು ಇಂಚು ಅಗಲ. ಲೆಕ್ಕ ಅದರಲ್ಲೇ ಹಾಕಿ. ಹಲಗೆ ಎತ್ತಿದಾಗ ಭಾರವಾಗಿ, ಮುಟ್ಟಿದಾಗ ತಣ್ಣಗಿದ್ದರೆ ಇನ್ನೂ ಹಸಿ ಅಂತ ಅರ್ಥ. ಅಂಥದ್ದನ್ನು ಒಂದಕ್ಕೊಂದು ಒತ್ತಿ ಕೂರಿಸಿ, ಒಣಗಿದಂತೆ ಸಂದು ತಾನೇ ಬೀಳುತ್ತದೆ. ಆಗಲೇ ಒಣಗಿದ್ದರೆ ಸ್ವಲ್ಪ ಸಂದು ಬಿಡಲೇಬೇಕು, ಇಲ್ಲಾಂದ್ರೆ ಮಳೆಗೆ ಉಬ್ಬಿ ಮೇಲೇಳುತ್ತದೆ.

ಈ ಮರಕ್ಕೆ ಹಾಕಿರುವ ತಾಮ್ರದ ರಾಸಾಯನಿಕ ಪೇಂಟ್ ಇಲ್ಲದ ಕಬ್ಬಿಣವನ್ನು ತಿನ್ನುತ್ತದೆ. ಹಲಗೆ ಕೂರುವ ಫ್ರೇಮಿನ ಅಡ್ಡಪಟ್ಟಿಗಳಿಗೆ ಪ್ರೈಮರ್, ಪೇಂಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಹಲಗೆ ಇಡಿ. ಸ್ಕ್ರೂ ಕೂಡ ಟ್ರೀಟೆಡ್ ಮರಕ್ಕೆಂದೇ ಬರುವ ಕೋಟಿಂಗ್ ಇರುವಂಥದ್ದೇ ಆಗಬೇಕು. ತಲೆ ಹಲಗೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿರಲಿ, ಟೈರಿಗೆ ತಾಗಬಾರದು. ಕತ್ತರಿಸಿದ ತುದಿಗಳಿಗೆ ಪ್ರಿಸರ್ವೇಟಿವ್ ಬಳಿಯಿರಿ. ಕೊಳೆಯುವುದು ಶುರುವಾಗುವುದೇ ಅಲ್ಲಿಂದ ಅಲ್ವಾ?

ಕಾರು ಕಟ್ಟುವ ಡಿ-ರಿಂಗ್‌ಗಳನ್ನು ಬರೀ ಹಲಗೆಗೆ ಬೋಲ್ಟ್ ಮಾಡಬೇಡಿ, ಫ್ರೇಮಿಗೇ ವೆಲ್ಡ್ ಆಗಲಿ. ಇದರಲ್ಲಿ ರಾಜಿ ಬೇಡವೇ ಬೇಡ.

ಕಾರು ಹತ್ತಿಸಿದ ಮೇಲೆ ಎಳೆಯುವ ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವ ಭಾರ ನೋಡಿ. ಟ್ರೇಲರ್ ಮತ್ತು ಕಾರು ಸೇರಿದ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ. ಆಗ ಕಾರನ್ನು ಸ್ವಲ್ಪ ಮುಂದಕ್ಕೆ ತಂದು ಮತ್ತೆ ತೂಗಿ.